‘ಶಾಸ್ವತವಾಗಿ ಅಳಿಸಲಾಗುವುದು’

ಸಂಪಾದಕರಿಗೆ,

ಮಾನ್ಯರೇ,

ಕಳೆದ ಮೂರು ಭಾನುವಾರಗಳಿಂದ ನಿಮ್ಮ ಪತ್ರಿಕೆಯ ವರ್ಗೀಕೃತ ಜಾಹೀರಾತುಗಳ ಪುಟದಲ್ಲಿ ಒಂದು ಸಣ್ಣ ಚೌಕ ಬರುತ್ತಿದೆ. ‘ಸಿಬಿಲ್ ಸಮಸ್ಯೆಯೇ? ಸೆಟಲ್ಡ್, ರೈಟ್‌ಆಫ್ ಯಾವುದಿದ್ದರೂ 30 ದಿನಗಳಲ್ಲಿ ಶಾಸ್ವತವಾಗಿ ಅಳಿಸಲಾಗುವುದು’ ಎಂದು ಬರೆದು ಕೆಳಗೊಂದು ಮೊಬೈಲ್ ಸಂಖ್ಯೆ ಕೊಟ್ಟಿದ್ದಾರೆ. ಸಿಬಿಲ್ ಎಂದು ನಾವು ಕರೆಯುವುದು ನಮ್ಮ ಸಾಲಗಳ ಚರಿತ್ರೆಯ ವರದಿಯನ್ನು ಮತ್ತು ಅದಕ್ಕೆ ಬೀಳುವ ಅಂಕವನ್ನು; ಸಾಲ ಕೇಳಿದಾಗ ಬ್ಯಾಂಕು ನೋಡುವುದು ಅದನ್ನು. ರೈಟ್‌ಆಫ್ ಎಂದರೆ ವಸೂಲಾಗದೆಂದು ಬ್ಯಾಂಕು ತನ್ನ ಲೆಕ್ಕದಿಂದ ತೆಗೆದ ಸಾಲ. ನಾನು ಮೂವತ್ತೊಂದು ವರ್ಷ ಮುದ್ರಣಾಲಯಗಳಲ್ಲಿ ಕರಡು ತಿದ್ದಿದವನು. ಹಾಗಾಗಿ ಮೊದಲು ಕಣ್ಣಿಗೆ ಬಿದ್ದದ್ದು ‘ಶಾಸ್ವತ’ದ ಸಕಾರ. ಆಮೇಲೆ ಆ ವಾಕ್ಯದ ಸುಳ್ಳು. ಇಂಥದೇ ಒಂದು ಸುಳ್ಳಿಗೆ ನಾನು 7,500 ರೂಪಾಯಿ ತೆತ್ತಿದ್ದೇನೆ. ಅದನ್ನು ನಿಮ್ಮ ಓದುಗರಿಗೆ ಹೇಳಿಬಿಡೋಣ ಎಂದು ಈ ಪತ್ರ.

2020ರಲ್ಲಿ ನಮ್ಮ ಮುದ್ರಣಾಲಯದ ಕೆಲಸ ನಿಂತುಹೋಯಿತು. ಮೊದಲ ಕೆಲವು ತಿಂಗಳು ಮನೆ ನಡೆದದ್ದು ಕ್ರೆಡಿಟ್ ಕಾರ್ಡಿನ ಮೇಲೆ. ‘ಕನಿಷ್ಠ ಪಾವತಿ’ ಎಂದು ಬಿಲ್ಲಿನಲ್ಲಿ ಕಾಣಿಸಿದಷ್ಟನ್ನು ಮಾತ್ರ ಕಟ್ಟುತ್ತಾ ಹೋದೆ. ಅದರಿಂದ ಸುಸ್ತಿ ತಪ್ಪುತ್ತದೆ ನಿಜ, ಆದರೆ ಉಳಿದ ಮೊತ್ತದ ಮೇಲೆ ಅನೇಕ ಕಾರ್ಡ್‌ಗಳಲ್ಲಿ ತಿಂಗಳಿಗೆ ಶೇ 3ಕ್ಕಿಂತ ಹೆಚ್ಚು ಬಡ್ಡಿ ಏರುತ್ತಲೇ ಇರುತ್ತದೆ. ಕೊನೆಗೆ ಅಷ್ಟನ್ನೂ ಕಟ್ಟಲಾಗಲಿಲ್ಲ. ಬಾಕಿ 61,400 ರೂಪಾಯಿಗೆ ಬಂದು ನಿಂತಾಗ, 2021ರಲ್ಲಿ ವಸೂಲಿಯವನೊಬ್ಬ ಫೋನ್ ಮಾಡಿದ: “ಸರ್, 27,000 ಒಂದೇ ಸಲ ಕಟ್ಟಿಬಿಡಿ, ಸೆಟಲ್ ಮಾಡಿಕೊಡುತ್ತೇವೆ.” ಹೆಂಡತಿಯ ಚೀಟಿ ಹಣ ಎತ್ತಿ ಕಟ್ಟಿದೆ. ಪತ್ರವೂ ಬಂತು. ಅಂದು ರಾತ್ರಿ ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ.

ಆ ಪತ್ರದಲ್ಲಿ ‘ಸೆಟಲ್ಡ್’ ಎಂದಿತ್ತು, ‘ಕ್ಲೋಸ್ಡ್’ ಎಂದಿರಲಿಲ್ಲ. ನಮ್ಮ ಆಡುಮಾತಿನಲ್ಲಿ ಸೆಟಲ್ ಆಯಿತೆಂದರೆ ಬಗೆಹರಿಯಿತು ಎಂದೇ ಅರ್ಥ. ಬ್ಯಾಂಕಿನ ಭಾಷೆಯಲ್ಲಿ ಅದರ ಅರ್ಥ, ಈತ ಕೊಡಬೇಕಾದ್ದನ್ನು ಪೂರ್ತಿ ಕೊಡಲಿಲ್ಲ, ಸಿಕ್ಕಷ್ಟು ತೆಗೆದುಕೊಂಡು ನಾವು ಕೈಬಿಟ್ಟೆವು ಎಂದು. ಅಲ್ಪಪ್ರಾಣ ಮಹಾಪ್ರಾಣಕ್ಕಾಗಿ ಲೇಖಕರೊಂದಿಗೆ ಜಗಳವಾಡಿದ ನಾನು ಈ ಎರಡು ಪದಗಳ ನಡುವಿನ ವ್ಯತ್ಯಾಸ ಕೇಳದೆ ಸಹಿ ಹಾಕಿದೆ.

ಮೂರು ವರ್ಷ ನನ್ನ ವರದಿಯನ್ನು ತೆರೆದೂ ನೋಡಲಿಲ್ಲ. ನೋಡಿದಷ್ಟೂ ಅಂಕ ಇಳಿಯುತ್ತದೆ ಎಂದು ಜೊತೆಯಲ್ಲಿ ಕೆಲಸ ಮಾಡುವ ಒಬ್ಬರು ಹೇಳಿದ್ದರು. ಈ ಮಾತು ಎಲ್ಲಿ ಹುಟ್ಟಿತೋ, ಇವತ್ತಿಗೂ ಓಡಾಡುತ್ತಿದೆ. ನಮ್ಮ ವರದಿಯನ್ನು ನಾವೇ ತರಿಸಿಕೊಂಡರೆ ಅಂಕಕ್ಕೆ ಏನೂ ಆಗುವುದಿಲ್ಲ. ನಾವು ಸಾಲ ಕೇಳಿದಾಗ ಸಾಲ ಕೊಡುವವರು ತರಿಸುವ ವರದಿ ಮಾತ್ರ ಲೆಕ್ಕಕ್ಕೆ ಬರುತ್ತದೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಸಾಲ ಮಾಹಿತಿ ಕಂಪನಿಗಳಿವೆ. ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಈ ನಾಲ್ಕಕ್ಕೂ ಆದೇಶಿಸಿದೆ. ನಾವು ನಾಲ್ಕನ್ನೂ ‘ಸಿಬಿಲ್’ ಎಂದೇ ಕರೆಯುತ್ತೇವೆ. ಹೆಸರಿನ ಈ ಗೊಂದಲದಿಂದಲೂ ನನಗೆ ಪೆಟ್ಟು ಬಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

2024ರಲ್ಲಿ ಮಗಳ ಓದಿಗೆ ಸಾಲ ಬೇಕಾಯಿತು. ಜಂಟಿ ಅರ್ಜಿದಾರ ನಾನು. ಮೊದಲ ಬ್ಯಾಂಕು ಆಗದೆಂದುಬಿಟ್ಟಿತು. ಅಲ್ಲಿಯೇ ಕುಳಿತು ಕಾರಣ ಕೇಳಬೇಕಿತ್ತು. ಅವಮಾನವಾಯಿತು, ಎದ್ದು ಬಂದೆ. ಮೂರು ವಾರಗಳಲ್ಲಿ ಇನ್ನೂ ನಾಲ್ಕು ಕಡೆ ಅರ್ಜಿ ಹಾಕಿದೆ. ಒಂದೊಂದು ಅರ್ಜಿಗೂ ವರದಿಯಲ್ಲಿ ಒಂದೊಂದು ಸಾಲು ಸೇರುತ್ತಾ ಹೋಯಿತು. ಐದನೆಯವನಿಗೆ ಕಾಣುವುದು ನಾಲ್ಕು ಮನೆ ಬಾಗಿಲು ತಟ್ಟಿ ಬಂದವನ ಮುಖ. ಮನೆಗೆ ಬಂದ ಸಿಟ್ಟಿನಲ್ಲಿ, ಎಲ್ಲ ಅನಿಷ್ಟಕ್ಕೂ ಕಾರ್ಡುಗಳೇ ಮೂಲವೆಂದು, ಹನ್ನೆರಡು ವರ್ಷ ಒಂದು ದಿನವೂ ತಡಮಾಡದೆ ಕಟ್ಟಿದ್ದ ಇನ್ನೊಂದು ಹಳೆಯ ಕಾರ್ಡನ್ನೂ ರದ್ದು ಮಾಡಿಸಿದೆ. ನನ್ನ ಪರವಾಗಿ ಸಾಕ್ಷಿ ಹೇಳಬಲ್ಲ, ಇನ್ನೂ ನಡೆಯುತ್ತಿದ್ದ ಸಾಲದ ಖಾತೆ ಅದೊಂದೇ ಇತ್ತು.

ಆಗ ಸಿಕ್ಕಿದ್ದು ‘ಸಿಬಿಲ್ ರಿಪೇರಿ’ಯ ಆಸಾಮಿ. ನನ್ನ 7,500 ರೂಪಾಯಿ ಹೋದದ್ದು ಇವನಿಗೇ. ಆತನ ಹೆಸರು ಬೇಡ. ಅಚ್ಚುಕಟ್ಟಾದ ಕಚೇರಿ. ಗೋಡೆಯ ಮೇಲೆ ಲ್ಯಾಮಿನೇಟ್ ಮಾಡಿದ, ಅಂಕ ತೋರಿಸುವ ಎರಡು ಗಡಿಯಾರದಂಥ ಚಿತ್ರಗಳು, ಒಂದರ ಮುಳ್ಳು ಕೆಂಪಿನಲ್ಲಿ, ಇನ್ನೊಂದರ ಮುಳ್ಳು ಹಸಿರಿನಲ್ಲಿ. “ನೀವು ಏನೂ ಮಾಡುವುದು ಬೇಡ ಸರ್, ಒಟಿಪಿ ಹೇಳಿದರೆ ಸಾಕು” ಎಂದ. ಹೇಳಿದೆ. ಪ್ಯಾನ್, ಆಧಾರ್ ಪ್ರತಿಗಳನ್ನೂ ಕೊಟ್ಟೆ. ಅವನು ನನ್ನ ಹೆಸರಿನಲ್ಲಿ ಲಾಗಿನ್ ತೆರೆದು ಇಮೇಲ್ ವಿಳಾಸದ ಜಾಗದಲ್ಲಿ ತನ್ನದನ್ನು ಹಾಕಿಕೊಂಡ. ನಂತರ ವರದಿಯಲ್ಲಿ ಕೆಂಪಾಗಿ ಕಂಡ ಐದು ಕಡೆಗಳಿಗೂ ಒಂದೇ ವಾಕ್ಯ ಬರೆದ: ‘ಈ ಖಾತೆ ನನ್ನದಲ್ಲ.’ ನಾನು ಬಳಸಿದ ಕಾರ್ಡೂ ನನ್ನದಲ್ಲವಂತೆ!

ಸಾಲ ಮಾಹಿತಿ ಕಂಪನಿಗೆ ತಾನಾಗಿಯೇ ಏನನ್ನೂ ಅಳಿಸಲು ಬರುವುದಿಲ್ಲ. ದೂರು ಬಂದರೆ ಅದನ್ನು ಸಾಲ ಕೊಟ್ಟ ಸಂಸ್ಥೆಗೆ ಕಳುಹಿಸುತ್ತದೆ. ಆ ಸಂಸ್ಥೆ ತಪ್ಪಾಗಿದೆ ಎಂದು ಒಪ್ಪಿದರೆ ಮಾತ್ರ ತಿದ್ದುಪಡಿ. 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆ ಇರುವುದೇ ಹಾಗೆ. ಕಾರ್ಡ್ ಕೊಟ್ಟ ಬ್ಯಾಂಕು ನನ್ನ ಸಹಿ ಇದ್ದ ಪತ್ರ ನೋಡಿ ‘ಮಾಹಿತಿ ಸರಿಯಾಗಿದೆ’ ಎಂದು ಉತ್ತರಿಸಿತು. ಇದರಲ್ಲಿ ನನಗೆ ಈಗಲೂ ಹೊಟ್ಟೆ ಉರಿಸುವ ಸಂಗತಿ ಬೇರೆಯೇ. ಆ ಐದರಲ್ಲಿ ಎರಡು ನಿಜಕ್ಕೂ ತಪ್ಪು ನಮೂದುಗಳಾಗಿದ್ದವು. ಒಂದು ದಾಖಲೆಯನ್ನೂ ಜೊತೆಗಿಡದೆ ಒಂದೇ ವಾಕ್ಯ ಒಗೆದದ್ದರಿಂದ ಅವೂ ಸುಳ್ಳು ದೂರಿನ ಗುಂಪಿಗೆ ಸೇರಿ ವಾಪಸು ಬಂದವು. ಉತ್ತರಗಳು ಹೋದದ್ದು ಅವನ ಇಮೇಲಿಗೆ. ನನಗೆ ತಿಳಿದದ್ದು ಎರಡು ತಿಂಗಳ ಮೇಲೆ. ಅಷ್ಟರಲ್ಲಿ ಅವನು ಎರಡನೇ ಸಲಹೆ ಕೊಟ್ಟಿದ್ದ, ಮೊಬೈಲ್ ಆ್ಯಪ್‌ಗಳಲ್ಲಿ ಸಣ್ಣ ಸಣ್ಣ ಸಾಲ ತೆಗೆದು ಕಟ್ಟಿ ಅಂಕ ‘ಬೆಳೆಸಿ’ ಎಂದು. ಹಾಗೆ ಮಾಡದಂತೆ ನನ್ನನ್ನು ತಡೆದದ್ದು ಮಗಳು. “ಅಪ್ಪಾ, ನೀವು ದಿನವೂ ಊರಿನವರ ಕರಡು ಓದುತ್ತೀರಿ. ಇದನ್ನು ಒಂದು ಸಲ ಓದಿ” ಎಂದು ವರದಿಯ ಮುದ್ರಿತ ಪ್ರತಿಯನ್ನು ಮುಂದೆ ಹಾಕಿದಳು.

ಓದಿದೆ, ಓದಬೇಕಾದ ಹಾಗೆಯೇ. ಸಾಲಿನ ಕೆಳಗೆ ಅಡಿಕೋಲು ಇಟ್ಟು, ಕೆಂಪು ಪೆನ್ನು ಹಿಡಿದು. ಮೊದಲು ಅರ್ಥ ಬಿಟ್ಟು ಅಕ್ಷರ ನೋಡುವುದು ನಮ್ಮ ಕಸುಬಿನ ಪಾಠ. ಹೆಸರು ಸರಿ. ಹುಟ್ಟಿದ ದಿನಾಂಕ ಸರಿ. ವಿಳಾಸ ನಾಲ್ಕಿದ್ದವು, ಅದರಲ್ಲಿ ಒಂದರಲ್ಲಿ ನಾನು ಎಂದೂ ಇರಲಿಲ್ಲ. ಗುರುತಿನ ಚೀಟಿಗಳ ಭಾಗಕ್ಕೆ ಬಂದರೆ ಪ್ಯಾನ್ ಎರಡು ಸಲ ಅಚ್ಚಾಗಿದೆ. ಒಂದರಲ್ಲಿ 6 ಇದ್ದ ಕಡೆ ಇನ್ನೊಂದರಲ್ಲಿ 8. ಹತ್ತು ಅಕ್ಷರಗಳಲ್ಲಿ ಒಂದೇ ಒಂದು ಅಂಕಿ. ಪುಟ ತಿರುಗಿಸಿದೆ. ಅಲ್ಲಿ ನನ್ನ ಹೆಸರಿನಲ್ಲೊಂದು ಟ್ರ್ಯಾಕ್ಟರ್ ಸಾಲ! ಸೈಕಲ್ಲಿಗಿಂತ ದೊಡ್ಡದನ್ನು ನಾನು ಓಡಿಸಿದವನಲ್ಲ. ನನ್ನದೇ ಹೆಸರಿನ ಇನ್ನೊಬ್ಬ ಪುಣ್ಯಾತ್ಮನ ಸಾಲ ನನ್ನ ಕಡತಕ್ಕೆ ಬಂದು ಸೇರಿತ್ತು. ಆತ ಕಂತು ತಪ್ಪಿಸಿದ ತಿಂಗಳುಗಳೂ ನನ್ನ ತಲೆಯ ಮೇಲೆ.

ತಿಂಗಳುಗಳ ಆ ಪಟ್ಟಿಯನ್ನು ಎಲ್ಲರೂ ಒಮ್ಮೆ ಗಮನವಿಟ್ಟು ನೋಡಬೇಕು. ಪ್ರತಿ ತಿಂಗಳಿಗೂ ಒಂದು ಚಿಕ್ಕ ಚೌಕ, ಅದರೊಳಗೆ ಮೂರಂಕಿ. 000 ಎಂದರೆ ಸಮಯಕ್ಕೆ ಕಟ್ಟಿದ್ದೀರಿ. 030 ಎಂದರೆ ಮೂವತ್ತು ದಿನ ತಡ. ಎಕ್ಸ್‌ಎಕ್ಸ್‌ಎಕ್ಸ್ ಎಂದಿದ್ದರೆ ಆ ತಿಂಗಳ ಮಾಹಿತಿಯೇ ಬಂದಿಲ್ಲ; ಅದನ್ನು ನೋಡಿ ಗಾಬರಿಯಾಗಬೇಕಿಲ್ಲ. ನಾನು 2018ರಲ್ಲೇ ತೀರಿಸಿದ ಫ್ರಿಜ್ಜಿನ ಸಾಲದಲ್ಲಿ ಸಾಲು ಸಾಲು 000 ಬಂದು, ಕೊನೆಯಲ್ಲಿ 412 ರೂಪಾಯಿ ಬಾಕಿ ಎಂದು ನಿಂತಿತ್ತು. ಕೊನೆಯ ಕಂತಿನ ರಸೀದಿ ಕಬ್ಬಿಣದ ಪೆಟ್ಟಿಗೆಯಲ್ಲಿ ಸಿಕ್ಕಿತು. ಸಾಲ ತೀರಿದ ಮೇಲೆ ರಸೀದಿ ಹರಿದು ಹಾಕುವವರಿಗೆ ಈ 412ರ ಕಥೆ ಹೇಳುತ್ತಿರುತ್ತೇನೆ.

ಈ ಸಲ ದೂರನ್ನು ನಾನೇ ಬರೆದೆ, ಕಂಪನಿಯ ಜಾಲತಾಣದಲ್ಲಿ, ಒಂದು ರೂಪಾಯಿಯೂ ಖರ್ಚಿಲ್ಲದೆ. ಒಂದೊಂದು ತಪ್ಪಿಗೆ ಒಂದೊಂದು ದೂರು. ಖಾತೆ ಸಂಖ್ಯೆ, ಏನು ಅಚ್ಚಾಗಿದೆ, ಏನಿರಬೇಕು, ಆಧಾರವೇನು, ಅಷ್ಟೇ. ನನ್ನ ಕಷ್ಟದ ಕಥೆ ಬರೆಯಲಿಲ್ಲ. ಓದುವವನಿಗೆ ಅದು ಬೇಕಾಗಿಲ್ಲ. ಸಾಲ ಕೊಟ್ಟ ಎರಡೂ ಸಂಸ್ಥೆಗಳಿಗೆ ಪ್ರತಿ ಕಳುಹಿಸಿ, ದೂರಿನ ಸಂಖ್ಯೆಗಳನ್ನು ಡೈರಿಯಲ್ಲಿ ಬರೆದುಕೊಂಡೆ. 2024ರ ಏಪ್ರಿಲ್ 26ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮವೊಂದಿದೆ. ದೂರು ಕೊಟ್ಟು 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೂ ದೂರುದಾರನಿಗೆ 100 ರೂಪಾಯಿ ಪರಿಹಾರ. ಸಾಲ ಕೊಟ್ಟ ಸಂಸ್ಥೆ 21 ದಿನಗಳೊಳಗೆ ತಿದ್ದಿದ ಮಾಹಿತಿ ಕಳುಹಿಸದಿದ್ದರೆ ಪರಿಹಾರ ಕೊಡಬೇಕಾದ್ದು ಅದು. ಅದು ಕಳುಹಿಸಿಯೂ ಮಾಹಿತಿ ಕಂಪನಿ ಸುಮ್ಮನಿದ್ದರೆ ಕಂಪನಿ. ಫ್ರಿಜ್ಜು ಹದಿನೆಂಟನೇ ದಿನಕ್ಕೆ ಸರಿಯಾಯಿತು. ಟ್ರ್ಯಾಕ್ಟರು ನಲವತ್ನಾಲ್ಕನೇ ದಿನ ನನ್ನ ಕಡತದಿಂದ ಹೊರಟಿತು. ಹದಿನಾಲ್ಕು ದಿನ ತಡವಾದದ್ದಕ್ಕೆ 1,400 ರೂಪಾಯಿ ಖಾತೆಗೆ ಬಂತು. ಮೊತ್ತ ಸಣ್ಣದು, ಆದರೆ ಅಷ್ಟು ಸಂತೋಷದಿಂದ ನಾನು ಸಂಬಳವನ್ನೂ ಎಣಿಸಿದವನಲ್ಲ. ಇದೂ ಆಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದಿತ್ತು. ಸಾಲ ಮಾಹಿತಿ ಕಂಪನಿಗಳನ್ನೂ 2022ರ ಸೆಪ್ಟೆಂಬರ್ 1ರಿಂದ ಆ ವ್ಯಾಪ್ತಿಗೆ ತಂದಿದ್ದಾರೆ. ಅಲ್ಲಿಯೂ ಶುಲ್ಕವಿಲ್ಲ.

ಹೆಸರಿನ ಗೊಂದಲದ ವಿಷಯ ಹೇಳುತ್ತೇನೆಂದಿದ್ದೆ. ಒಂದು ಕಂಪನಿಯ ವರದಿ ಸರಿಯಾದೊಡನೆ ಕುಣಿದಾಡಿದೆ. ಮುಂದಿನ ಬ್ಯಾಂಕು ನೋಡಿದ್ದು ಇನ್ನೊಂದು ಕಂಪನಿಯ ವರದಿಯನ್ನು. ಅಲ್ಲಿ ಟ್ರ್ಯಾಕ್ಟರು ಹಾಗೆಯೇ ನಿಂತಿತ್ತು. ಆಮೇಲೆ ನಾಲ್ಕೂ ಕಡೆಯ ವರದಿ ತರಿಸಿ ನಾಲ್ಕನ್ನೂ ತಿದ್ದಿಸಿದೆ.

ಇನ್ನು ಉಳಿದದ್ದು ಕಾರ್ಡಿನ ‘ಸೆಟಲ್ಡ್’. ಇದು ಅಚ್ಚಿನ ತಪ್ಪಲ್ಲ, ನಾನು ಮಾಡಿದ್ದೇ. ನೇರವಾಗಿ ಬ್ಯಾಂಕಿಗೆ ಹೋದೆ. ಅಲ್ಲಿದ್ದ ಅಧಿಕಾರಿ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಕಡತ ತೆರೆದು ನೋಡಿ ನೇರವಾಗಿ ಹೇಳಿದರು: “ಉಳಿದದ್ದನ್ನು ನೀವು ಕಟ್ಟಿದರೆ ಖಾತೆಯ ಸ್ಥಿತಿಯನ್ನು ಕ್ಲೋಸ್ಡ್ ಎಂದು ಬದಲಿಸಿ ಕಳುಹಿಸುತ್ತೇವೆ. ತಡವಾದ ತಿಂಗಳುಗಳ ಗುರುತನ್ನು ಮಾತ್ರ ಮುಟ್ಟುವುದಿಲ್ಲ. ಅದು ನಡೆದದ್ದು ನಿಜವಲ್ಲವೇ?” ಏಜೆಂಟನ ಗೋಡೆಯ ಹಸಿರು ಮುಳ್ಳಿಗಿಂತ ಈ ಮಾತು ನನಗೆ ಹಿಡಿಸಿತು. ಕಟ್ಟುವ ಮೊದಲೇ ಅದನ್ನು ಬರಹದಲ್ಲಿ ಕೊಡಿ ಎಂದೆ, ಕೊಟ್ಟರು. 34,400 ರೂಪಾಯಿಯನ್ನು ಎರಡು ಕಂತಿನಲ್ಲಿ ಕಟ್ಟಿ, ಬಾಕಿ ಇಲ್ಲವೆಂಬ ನೋ ಡ್ಯೂ ಪತ್ರ ಪಡೆದೆ. ಎರಡು ತಿಂಗಳಲ್ಲಿ ‘ಸೆಟಲ್ಡ್’ ಹೋಗಿ ‘ಕ್ಲೋಸ್ಡ್’ ಬಂತು. ತಡವಾದ ತಿಂಗಳುಗಳು ಇವತ್ತಿಗೂ ಅಲ್ಲಿವೆ. ಸಾಲದ ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳುವ ನಿಯಮವಿದೆ.

ಈಗ 20,000 ರೂಪಾಯಿಯ ಠೇವಣಿಯ ಮೇಲೆ ಬ್ಯಾಂಕು ಕೊಟ್ಟ ಕಾರ್ಡೊಂದಿದೆ. ತಿಂಗಳಿಗೆ ಮಿತಿಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಬಳಸಿ ಬಿಲ್ ಬಂದೊಡನೆ ಪೂರ್ತಿ ಕಟ್ಟುತ್ತೇನೆ. ಬೇರೆ ಯಾವ ಅರ್ಜಿಯನ್ನೂ ಹಾಕುವುದಿಲ್ಲ. 300ರಿಂದ 900ರವರೆಗಿನ ಅಳತೆಯಲ್ಲಿ 598 ಇದ್ದ ಅಂಕ ಹದಿನಾಲ್ಕು ತಿಂಗಳಲ್ಲಿ 704 ಆಯಿತು. 30 ದಿನಗಳಲ್ಲಿ ಆಗಲಿಲ್ಲ ಎನ್ನುವುದನ್ನು ನಿಮ್ಮ ಜಾಹೀರಾತುದಾರರು ಗಮನಿಸಬೇಕು. ಮಗಳ ಕಾಲೇಜು ನನ್ನ 704ಕ್ಕಾಗಿ ಕಾಯಲಿಲ್ಲ. ಶಾಲಾ ಶಿಕ್ಷಕಿಯಾದ ನನ್ನ ಹೆಂಡತಿಯೇ ಜಂಟಿ ಅರ್ಜಿದಾರಳಾಗಿ ಸಹಿ ಹಾಕಿದಳು. ಆಕೆಯ ವರದಿಯನ್ನೂ ಅಡಿಕೋಲು ಇಟ್ಟು ಓದಿದೆ. ಒಂದು ತಪ್ಪೂ ಸಿಗಲಿಲ್ಲ. ಅದನ್ನು ಆಕೆ ವಾರಕ್ಕೊಮ್ಮೆ ನೆನಪಿಸುತ್ತಾಳೆ.

ಸಂಪಾದಕರೇ, ಪುಟದ ಕೆಳಗೆ ‘ಜಾಹೀರಾತುಗಳ ಸತ್ಯಾಸತ್ಯತೆಗೆ ಪತ್ರಿಕೆ ಹೊಣೆಯಲ್ಲ’ ಎಂದು ನೀವು ಆರು ಪಾಯಿಂಟಿನ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕುವುದು ನನಗೆ ಗೊತ್ತು. ಎಷ್ಟೋ ವರ್ಷ ಅಂಥ ಸಾಲುಗಳನ್ನು ತಿದ್ದಿದವನೇ ನಾನು. ಆದರೂ ಕೇಳುತ್ತೇನೆ, ಆ ಚೌಕವನ್ನು ಮುಂದಿನ ಭಾನುವಾರ ತೆಗೆಯಲು ಆಗುತ್ತದೆಯೇ? ಆಗುವುದಿಲ್ಲ ಎಂದಾದರೆ ಅದರ ಪಕ್ಕದಲ್ಲೇ ಈ ಪತ್ರಕ್ಕೆ ಜಾಗ ಕೊಡಿ. ಮತ್ತೆ ಆ ‘ಶಾಸ್ವತ’ವನ್ನಾದರೂ ದಯವಿಟ್ಟು ತಿದ್ದಿಸಿ. ಎರಡೂ ಕಡೆ ಶಕಾರವೇ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಕರಡು ತಿದ್ದುಗ