ಪಾಠಗಳ ಹಳೆ-ಹೊಸ ಸಂಖ್ಯೆಗೆ ಪಟ್ಟಿ ಬೇಕು

ಮಾನ್ಯರೇ,

ದ್ವಿತೀಯ ಪಿಯು ವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಅಧ್ಯಾಯಗಳ ಕ್ರಮಸಂಖ್ಯೆ ಬದಲಾಗಿ, ಹಳೆಯ ಪುಸ್ತಕ ಮತ್ತು ಪ್ರಶ್ನೆಕೋಶಗಳನ್ನು ನೆಚ್ಚಿಕೊಂಡ ವಿದ್ಯಾರ್ಥಿಗಳು ಗೊಂದಲಕ್ಕೆ ಸಿಲುಕುತ್ತಿದ್ದಾರೆ. ನಮ್ಮ ಪಿಯು ಕಾಲೇಜುಗಳಲ್ಲೂ ಬಳಕೆಯಲ್ಲಿರುವ ಎನ್‌ಸಿಇಆರ್‌ಟಿ ಪುಸ್ತಕಗಳಿಂದ 2022ರ ಪರಿಷ್ಕರಣೆಯಲ್ಲಿ ಹಲವು ಪಾಠಗಳನ್ನು ಕೈಬಿಟ್ಟಾಗ, ಉಳಿದವುಗಳಿಗೆ ಹೊಸದಾಗಿ ಕ್ರಮಸಂಖ್ಯೆ ಕೊಡಲಾಯಿತು. ರಸಾಯನವಿಜ್ಞಾನದ 16 ಘಟಕಗಳು 10ಕ್ಕೆ ಇಳಿದವು. ಮೂರನೆಯದಾಗಿದ್ದ ಎಲೆಕ್ಟ್ರೋಕೆಮಿಸ್ಟ್ರಿ ಎರಡನೆಯದಾಯಿತು, ಹತ್ತನೆಯದಾಗಿದ್ದ ಹ್ಯಾಲೋಆಲ್ಕೇನ್ ಆರಕ್ಕೆ ಬಂದಿತು, ಹತ್ತನೆಯ ಸ್ಥಾನದಲ್ಲಿ ಈಗ ಬಯೋಮಾಲಿಕ್ಯೂಲ್ಸ್ ಇದೆ. ಲೆಕ್ಕಗಳ ಸಂಖ್ಯೆಯೂ ಘಟಕದ ಸಂಖ್ಯೆಯಿಂದಲೇ ಆರಂಭವಾಗುವುದರಿಂದ, ಹಳೆಯ ಪುಸ್ತಕದ 3.5 ಎಲೆಕ್ಟ್ರೋಕೆಮಿಸ್ಟ್ರಿಯ ಪ್ರಶ್ನೆಯಾದರೆ ಹೊಸದರ 3.5 ಕೆಮಿಕಲ್ ಕೈನೆಟಿಕ್ಸ್‌ನದ್ದು. ಜೀವವಿಜ್ಞಾನದಲ್ಲಿ ಮೊದಲ ಪಾಠವೇ ಹೋದದ್ದರಿಂದ ಮುಂದಿನವೆಲ್ಲ ಸರಿದಿವೆ. ಭೌತವಿಜ್ಞಾನದಲ್ಲಿ ಕೊನೆಯ ಪಾಠವನ್ನು ತೆಗೆದಿದ್ದರಿಂದ, ಅದೃಷ್ಟವಶಾತ್, ಸಂಖ್ಯೆಗಳು ಉಳಿದುಕೊಂಡಿವೆ.

ಹೊಸ ಪುಸ್ತಕ ಕೊಳ್ಳಲಾಗದೆ ಹಿರಿಯ ವಿದ್ಯಾರ್ಥಿಗಳ ಪುಸ್ತಕ, ಗೈಡುಗಳನ್ನೇ ಓದುವ ಗ್ರಾಮೀಣ ಮಕ್ಕಳಿಗೆ ಇದರಿಂದ ಆಗುವ ತೊಂದರೆ ಹೆಚ್ಚು. ಆದ್ದರಿಂದ ಪದವಿ ಪೂರ್ವ ಶಿಕ್ಷಣ ಇಲಾಖೆಯು ಹಳೆಯ ಸಂಖ್ಯೆ, ಹೊಸ ಸಂಖ್ಯೆ ಹಾಗೂ ಕೈಬಿಟ್ಟ ಪಾಠಗಳನ್ನು ತೋರಿಸುವ ಒಂದು ಪುಟದ ಪಟ್ಟಿಯನ್ನು ಕನ್ನಡ ಮತ್ತು ಇಂಗ್ಲಿಷ್‌ನಲ್ಲಿ ಸಿದ್ಧಪಡಿಸಿ, ಪ್ರತಿ ಕಾಲೇಜಿನ ಸೂಚನಾ ಫಲಕಕ್ಕೂ ಗ್ರಂಥಾಲಯಕ್ಕೂ ತಲುಪಿಸಬೇಕು; ಪ್ರಶ್ನೆಕೋಶಗಳಲ್ಲಿ ಸಂಖ್ಯೆಯ ಜತೆಗೆ ಪಾಠದ ಹೆಸರನ್ನೂ ಕಡ್ಡಾಯವಾಗಿ ಮುದ್ರಿಸಬೇಕು.

– ಓರ್ವ ಪೋಷಕ, ಶಿವಮೊಗ್ಗ