ಕಾರ್ಖಾನೆಗಳ ನೆರವು ನಮ್ಮ ಊರಿನ ಸಣ್ಣ ಸೇವಾ ಸಂಘಗಳಿಗೂ ತಲುಪಲು ದಾರಿ ಮಾಡಿಕೊಡಲು ಕೋರಿ ಮನವಿ

ಇವರಿಗೆ,
ಮಾನ್ಯ ಅಧ್ಯಕ್ಷರು ಹಾಗೂ ಪೌರಾಯುಕ್ತರು,
ನಗರಸಭೆ, ದೊಡ್ಡಬಳ್ಳಾಪುರ,
ಬೆಂಗಳೂರು ಗ್ರಾಮಾಂತರ ಜಿಲ್ಲೆ.

ಇವರಿಂದ,
ನೇಕಾರರ ಬೀದಿಗಳ ನಿವಾಸಿಗಳು ಮತ್ತು ಸೇವಾ ಸಂಘಗಳ ಕಾರ್ಯಕರ್ತರು.

ವಿಷಯ: ಕಂಪನಿಗಳು ಕಾನೂನಿನಂತೆ ಸಮಾಜಕ್ಕೆ ಖರ್ಚು ಮಾಡಬೇಕಾದ ಸಿಎಸ್‌ಆರ್ ಹಣದಲ್ಲಿ ಒಂದು ಪಾಲು ಸ್ಥಳೀಯ ಸಂಘಗಳಿಗೆ ಸಣ್ಣ ಅನುದಾನವಾಗಿ ಸಿಗುವಂತೆ ನಗರಸಭೆ ನಡುವೆ ನಿಂತು ಸಹಾಯ ಮಾಡುವ ಬಗ್ಗೆ.

ಮಾನ್ಯರೇ,

ನಮ್ಮ ಬೀದಿಯಲ್ಲಿ ಒಂದು ಸಂಜೆ ಪಾಠದ ಮನೆ ಇದೆ. ಮನೆ ಅಂದರೆ ಮಗ್ಗದ ಶೆಡ್ಡಿನ ಹಿಂದೆ ಇರುವ ಒಂದೇ ಒಂದು ಕೋಣೆ. ಮಗ್ಗ ನಡೆಸುವವರ ಮಕ್ಕಳು, ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರ ಮಕ್ಕಳು ಸೇರಿ ಮೂವತ್ತೈದು ಜನ ಅಲ್ಲಿ ಚಾಪೆ ಮೇಲೆ ಕೂರುತ್ತಾರೆ. ನಿವೃತ್ತ ಟೀಚರ್ ಒಬ್ಬರು ಸಂಬಳವಿಲ್ಲದೆ ಪಾಠ ಹೇಳುತ್ತಾರೆ. ಗೋಡೆಯಾಚೆ ಮಗ್ಗದ ಸದ್ದು ನಿಲ್ಲುವುದೇ ಇಲ್ಲ. ಮಕ್ಕಳು ಮಗ್ಗಿಯನ್ನು ಕೂಗಿಕೊಂಡೇ ಒಪ್ಪಿಸಬೇಕು. ಕರೆಂಟ್ ಹೋದರೆ ಮಗ್ಗ ನಿಂತು ಸದ್ದು ಅಡಗುತ್ತದೆ. ಆದರೆ ಆಗ ಕೋಣೆಯಲ್ಲಿ ಕತ್ತಲೆ.

ಎರಡು ವರ್ಷದ ಹಿಂದೆ ಒಂದು ಕಂಪನಿಯವರು ಬಂದು ಎಲ್ಲ ಮಕ್ಕಳಿಗೂ ಬ್ಯಾಗ್ ಕೊಟ್ಟರು. ಕೊಟ್ಟವರ ಮನಸ್ಸು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಕ್ಕಳ ಹತ್ತಿರ ಬ್ಯಾಗ್ ಆಗಲೇ ಇತ್ತು. ಬೇಕಾಗಿದ್ದದ್ದು ಒಂದು ಯುಪಿಎಸ್ ಮತ್ತು ಆರು ತಿಂಗಳ ಬಾಡಿಗೆ. ಏನು ಬೇಕು ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೂ ಬಾಡಿಗೆಗೆ ಹಣ ಕೊಡುವ ಪದ್ಧತಿ ಅವರಲ್ಲಿ ಇತ್ತೋ ಇಲ್ಲವೋ. ಈ ಮನವಿಯ ಮೂಲ ಇದೇ.

ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶ ಮತ್ತು ಅಪರೆಲ್ ಪಾರ್ಕ್ ನಮ್ಮ ಊರಿಗೆ ಕೆಲಸ ಕೊಟ್ಟಿವೆ. ಕಾರ್ಖಾನೆ ಯಾವ ಗಡಿಯಲ್ಲೇ ಇರಲಿ, ಅಲ್ಲಿ ದುಡಿಯುವ ಎಷ್ಟೋ ಜನ ನಮ್ಮ ವಾರ್ಡುಗಳಲ್ಲೇ ಬಾಡಿಗೆಗೆ ಇದ್ದಾರೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ, ಹಿಂದಿನ ವರ್ಷದಲ್ಲಿ 500 ಕೋಟಿ ನಿವ್ವಳ ಆಸ್ತಿ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ತಾನು ಕೆಲಸ ಮಾಡುವ ಊರು, ಸುತ್ತಮುತ್ತಲ ಜಾಗಕ್ಕೆ ಮೊದಲ ಆದ್ಯತೆ ಕೊಡಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಶಿಕ್ಷಣ, ಹಸಿವು, ಆರೋಗ್ಯ, ವಯಸ್ಸಾದವರ ಡೇ ಕೇರ್ ಎಲ್ಲವೂ ಅದರ ಪಟ್ಟಿಯಲ್ಲಿವೆ. ಅಂದರೆ ನಾವು ಕೇಳುತ್ತಿರುವುದು ಕಾನೂನಿಗೆ ಹೊರಗಿನದೇನೂ ಅಲ್ಲ.

ಸರಾಸರಿ 10 ಕೋಟಿ ಲಾಭ ಇರುವ ಕಂಪನಿಯ ಪಾಲು 20 ಲಕ್ಷ. ಅದರಲ್ಲಿ 1 ಲಕ್ಷ ತೆಗೆದಿಟ್ಟು 25 ಸಾವಿರದಂತೆ ನಾಲ್ಕು ಸಂಘಗಳಿಗೆ ಕೊಟ್ಟರೂ ಸಾಕು, ನಮ್ಮ ಕೋಣೆಗೆ ಬೆಳಕು ಬರುತ್ತದೆ.

ಹಾಗಾದರೆ ಯಾಕೆ ಬರುತ್ತಿಲ್ಲ? ನಮಗೆ ಅನ್ನಿಸುವುದು, ತೊಡಕು ಜಾಸ್ತಿ ಕಾಗದಪತ್ರದ್ದು. 2021ರ ಏಪ್ರಿಲ್ 1ರಿಂದ ಕಂಪನಿಯ ಪರವಾಗಿ ಸಿಎಸ್‌ಆರ್ ಕೆಲಸ ಮಾಡುವ ಸಂಸ್ಥೆ ಕೇಂದ್ರ ಸರ್ಕಾರದಲ್ಲಿ ಸಿಎಸ್‌ಆರ್-1 ಅನ್ನುವ ನೋಂದಣಿ ಮಾಡಿಸಿರಬೇಕು. ಸಾಮಾನ್ಯ ಟ್ರಸ್ಟು, ಸೊಸೈಟಿಗಳಿಗೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ಪತ್ರಗಳು ಬೇಕು, ಮೂರು ವರ್ಷ ಅಂಥದೇ ಕೆಲಸ ಮಾಡಿದ ದಾಖಲೆಯೂ ಬೇಕು. ಬಿಗಿ ನಿಯಮ ಬೇಕೇ ಬೇಕು, ಹಣ ದಾರಿ ತಪ್ಪಬಾರದು. ಆದರೆ ವಾರಕ್ಕೊಮ್ಮೆ ಮನೆಮನೆಯಿಂದ ಮುಷ್ಟಿ ಅಕ್ಕಿ ಎತ್ತಿ, ಒಂಟಿ ಮುದುಕರಿಗೆ ಮಧ್ಯಾಹ್ನದ ಊಟ ಒಯ್ಯುವ ಐದಾರು ಹೆಂಗಸರು ಆಡಿಟರ್‌ಗೆ ಎಲ್ಲಿಂದ ಹಣ ತರುತ್ತಾರೆ? ಅವರ ಲೆಕ್ಕವೆಲ್ಲ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿದೆ. ನಾವು ನೋಡಿದ್ದೇವೆ. ಉಪ್ಪಿನ ಪ್ಯಾಕೆಟ್ಟಿನ ಲೆಕ್ಕವೂ ಬಿಟ್ಟಿಲ್ಲ.

ದೊಡ್ಡ ಕೊಡುಗೆ ದಾರಿ ಹುಡುಕಿಕೊಳ್ಳುತ್ತದೆ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ 2024ರಲ್ಲಿ ಸರ್ಕಾರಿ ಶಾಲೆ ಮಕ್ಕಳಿಗೆ ವಾರದಲ್ಲಿ ಆರು ದಿನ ಮೊಟ್ಟೆ ಕೊಡುವ ಕೆಲಸ ಶುರುವಾಯಿತು. ನಮ್ಮ ಮಕ್ಕಳೂ ತಿಂದಿದ್ದಾರೆ, ಸಂತೋಷ. ಸರ್ಕಾರ ನಡುವೆ ನಿಂತಿದ್ದರಿಂದ ಅದು ಪ್ರತಿ ಶಾಲೆಯ ತಟ್ಟೆವರೆಗೂ ಬಂತು. ಎರಡು ಕಿಲೋಮೀಟರ್ ಆಚೆಯ ಕಾರ್ಖಾನೆಯಿಂದ ನಮ್ಮ ಬೀದಿಗೆ ಬರಬೇಕಾದ 25 ಸಾವಿರಕ್ಕೆ ಮಾತ್ರ ಯಾರೂ ನಡುವೆ ನಿಂತಿಲ್ಲ. ಆ ಜಾಗದಲ್ಲಿ ನಗರಸಭೆ ನಿಲ್ಲಬೇಕು ಅನ್ನುವುದೇ ನಮ್ಮ ಕೋರಿಕೆ.

ಹಣ ನಗರಸಭೆಯ ಖಾತೆಗೆ ಬರುವುದು ಬೇಡ. ಕೊಡುವವರೂ ತೆಗೆದುಕೊಳ್ಳುವವರೂ ಒಂದು ಕಡೆ ಕೂರುವಂತೆ ಮಾಡಿದರೆ ಸಾಕು. ಮೊದಲು ಪ್ರತಿ ವಾರ್ಡಿನಲ್ಲಿ ಯಾವ ಸಂಘ ಏನು ಕೆಲಸ ಮಾಡುತ್ತಿದೆ, ಅದಕ್ಕೆ ಏನು ಬೇಕು, ಎಷ್ಟು ಬೇಕು ಅನ್ನುವ ಪಟ್ಟಿ ಮಾಡಿಸಿ. ಸದಸ್ಯರು ಹೋಗಿ ಕಣ್ಣಾರೆ ನೋಡಿ ಸಹಿ ಹಾಕಲಿ. ಪಟ್ಟಿ ಮೇ ತಿಂಗಳೊಳಗೆ ಕಂಪನಿಗಳ ಕೈ ಸೇರಬೇಕು. ಆರ್ಥಿಕ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಖರ್ಚು ತೋರಿಸುವ ಅವಸರ ಶುರುವಾದ ಮೇಲೆ ಹೋದರೆ ಮತ್ತೆ ಬ್ಯಾಗೇ ಸಿಗುತ್ತದೆ, ಅಲ್ವಾ? ಆಮೇಲೆ ಕಂಪನಿಯವರು, ಸಂಘದವರು, ನಗರಸಭೆಯವರು ಸೇರಿ ಒಂದು ಸಭೆ. ಅರ್ಜಿ ಎರಡು ಪುಟ ಮೀರದಿರಲಿ, ಕನ್ನಡದಲ್ಲಿರಲಿ.

ನೋಂದಣಿ ಇಲ್ಲದ ಸಂಘಗಳಿಗೂ ದಾರಿ ಇದೆ. ಸಿಎಸ್‌ಆರ್ ಕೆಲಸವನ್ನು ಕಂಪನಿ ತಾನೇ ನೇರವಾಗಿ ಮಾಡಬಹುದು. ಯುಪಿಎಸ್ ಅಂಗಡಿಯವರಿಗೆ ಕಂಪನಿಯೇ ಬಿಲ್ ಕಟ್ಟಿ ಹಾಕಿಸಿಕೊಡಬಹುದು. ಇಲ್ಲವೇ ನೋಂದಣಿ ಇರುವ ದೊಡ್ಡ ಟ್ರಸ್ಟೊಂದು ಮುಂದೆ ನಿಂತು ಕೆಲಸದ ಹೊಣೆ, ಲೆಕ್ಕ ಎರಡನ್ನೂ ವಹಿಸಿಕೊಳ್ಳಬಹುದು. ಕಂಪನಿಯ ವರ್ಷದ ಸಿಎಸ್‌ಆರ್ ಮೊತ್ತ 50 ಲಕ್ಷ ಮೀರದಿದ್ದರೆ ಪ್ರತ್ಯೇಕ ಸಮಿತಿಯೂ ಬೇಕಿಲ್ಲ, ನಿರ್ದೇಶಕರ ಮಂಡಳಿಯೇ ತೀರ್ಮಾನಿಸಬಹುದು. ಕಾನೂನಿನ ಮಿತಿಗೆ ಬಾರದ ಸಣ್ಣ ಕಾರ್ಖಾನೆ, ಸೀರೆ ಅಂಗಡಿ, ಮಗ್ಗದ ಮಾಲೀಕರನ್ನೂ ಸಭೆಗೆ ಕರೆಯಿರಿ. ಕೇಳಿದರೆ ಕೊಡುವವರು ನಮ್ಮೂರಲ್ಲಿ ಇದ್ದಾರೆ. ಮುಷ್ಟಿ ಅಕ್ಕಿಗೆ ಇಲ್ಲ ಅಂದ ಬಾಗಿಲು ನಮ್ಮ ಬೀದಿಯಲ್ಲಿ ಒಂದೂ ಇಲ್ಲ.

ಒಂದು ಮಾತನ್ನು ಕಂಪನಿಯವರಿಗೆ ತಾವೇ ಒತ್ತಿ ಹೇಳಬೇಕು. ಬಾಡಿಗೆ, ಕರೆಂಟ್ ಬಿಲ್, ಅಡುಗೆಯವರ ಸಂಬಳ, ಗ್ಯಾಸ್ ಸಿಲಿಂಡರ್, ಇವಕ್ಕೂ ಹಣ ಕೊಡಿ ಅಂತ. ಫೋಟೋದಲ್ಲಿ ಕಾಣದ ಖರ್ಚು ಇವೆಲ್ಲ. ಸಂಘಗಳು ಬಾಗಿಲು ಹಾಕುವುದೂ ಇವುಗಳಿಂದಲೇ. ಒಂದು ವರ್ಷ ಕೊಟ್ಟು ಕೈ ಬಿಡುವ ಬದಲು, ಮೊತ್ತ ಕಡಿಮೆಯಾದರೂ ಮೂರು ವರ್ಷ ಕೊಡಲಿ. ಟೀಚರ್‌ಗೆ ಮುಂದಿನ ಜೂನ್‌ನಲ್ಲೂ ಕೋಣೆ ಇರುತ್ತದೆ ಅನ್ನುವ ಧೈರ್ಯ ಬೇಕು. ಕೊಟ್ಟ ಹಣ ಏನಾಯಿತು ಅಂತ ಸಂಘದವರು ಆರು ತಿಂಗಳಿಗೊಮ್ಮೆ ನಗರಸಭೆಯ ನೋಟಿಸ್ ಬೋರ್ಡಿನಲ್ಲಿ ಲೆಕ್ಕ ಹಾಕುತ್ತಾರೆ. ಸಹಿ ಹಾಕಿದ ನಾವೆಲ್ಲ ಅದಕ್ಕೆ ಒಪ್ಪಿದ್ದೇವೆ.

ಮುಂದಿನ ಸಾಮಾನ್ಯ ಸಭೆಯ ಅಜೆಂಡಾದಲ್ಲಿ ಈ ವಿಷಯ ಸೇರಿಸಬೇಕು ಎಂದು ಕೇಳಿಕೊಳ್ಳುತ್ತೇವೆ. ನಮ್ಮ ಬೀದಿಗಳ ಸಂಘಗಳ ಪಟ್ಟಿಯನ್ನು ನಾವೇ ಬರೆದು ಇದರೊಂದಿಗೆ ಇಟ್ಟಿದ್ದೇವೆ. ಉಳಿದ ವಾರ್ಡುಗಳ ಪಟ್ಟಿ ಮಾಡಲು ನಮ್ಮ ಯುವಕರು ಬರುತ್ತಾರೆ, ಕರೆದರೆ ಸಾಕು. ಪಾಠದ ಮನೆ ಸಂಜೆ ಆರರಿಂದ ಎಂಟರವರೆಗೆ ತೆರೆದಿರುತ್ತದೆ. ತಾವು ಒಮ್ಮೆ ಬಂದು ನೋಡಬೇಕು.

ಇತಿ ತಮ್ಮ ವಿಶ್ವಾಸಿಗಳು,
ನಿವಾಸಿಗಳು ಮತ್ತು ಕಾರ್ಯಕರ್ತರು
(ಸಹಿಗಳು ಹಿಂದಿನ ಪುಟದಲ್ಲಿ)

ಲಗತ್ತು: ಸೇವಾ ಸಂಘಗಳ ಪಟ್ಟಿ, ಅವುಗಳ ಅಗತ್ಯ ಮತ್ತು ಅಂದಾಜು ಖರ್ಚಿನೊಂದಿಗೆ.