ಕುರಿ ಹಟ್ಟಿ ಹಾಕುವ ಮೊದಲು ಹಳ್ಳ, ಗಾಳಿ ನೋಡಿ

ಮಾನ್ಯ ಸಂಪಾದಕರೆ,

ತೊಗರಿ ರಾಶಿ ಮುಗಿಯುತ್ತಿದ್ದಂತೆ ಚಿಂಚೋಳಿ, ಸೇಡಂ, ಯಾದಗಿರಿ ಕಡೆಯ ಹೊಲಗಳಲ್ಲಿ ಕುರಿ ಹಟ್ಟಿ ಬೀಳುತ್ತವೆ. ಹಿಂದೆಯೇ ತೋಳದ ದೂರು ಶುರು. ನಾಯಿ, ಬ್ಯಾಟರಿ ಎಂದು ಎಲ್ಲರೂ ಮಾತಾಡುತ್ತಾರೆ, ಹಟ್ಟಿ ಹಾಕಿದ ಜಾಗದ ಬಗ್ಗೆ ಯಾರೂ ಕೇಳುವುದಿಲ್ಲ.

ತೋಳ ಬಟಾಬಯಲಲ್ಲಿ ನೆಟ್ಟಗೆ ಬರುವುದು ಕಡಿಮೆ. ಹಳ್ಳದ ತಗ್ಗು, ಬದುವಿನ ಹುಲ್ಲು, ಬಳ್ಳಾರಿ ಜಾಲಿ, ಕೊಯ್ಯದೆ ಉಳಿದ ತೊಗರಿ, ಕಬ್ಬು, ಇವುಗಳ ಮರೆಯಲ್ಲೇ ಬಂದು ಕೊನೆಗೆ ಗಾಳಿ ಹೋಗುವ ಮಗ್ಗುಲಿಗೆ ಸುತ್ತಿಕೊಳ್ಳುತ್ತದೆ. ಅಲ್ಲಿ ಅದಕ್ಕೆ ಕುರಿಯ ವಾಸನೆ ಸಿಗುತ್ತದೆ, ನಾಯಿಗೆ ಅದರ ವಾಸನೆ ಸಿಗದು. ಚಳಿಗಾಲದಲ್ಲಿ ನಮ್ಮಲ್ಲಿ ಹೆಚ್ಚಾಗಿ ಮೂಡಣ ಗಾಳಿ. ಹಾಗಾಗಿ ಪಡುವಣಕ್ಕೆ ಹಳ್ಳವಿರುವ ಹೊಲ ಬೇಡ. ಗಾಳಿ ನಿಂತ ರಾತ್ರಿಯೂ ನೆಮ್ಮದಿಯಿಲ್ಲ: ತಂಪು ಗಾಳಿ ಇಳಿಜಾರು ಹಿಡಿದು ಹಳ್ಳಕ್ಕೆ ಇಳಿಯುತ್ತದೆ, ಹಟ್ಟಿಯ ವಾಸನೆಯನ್ನೂ ಒಯ್ಯುತ್ತದೆ. ಮಲಗುವ ಮುಂಚೆ ಒಂದು ಹಿಡಿ ಬೂದಿ ತೂರಿ ನೋಡಿ. ಅದು ಹಾರಿದ ಕಡೆಗೇ ನಾಯಿ ಇರಲಿ, ಕಟ್ಟಿಹಾಕಬೇಡಿ.

ನಿಂತ ಬೆಳೆಯಿಂದ ಕನಿಷ್ಠ ನೂರು ಹೆಜ್ಜೆ ದೂರ ಬೇಕು. ಹಟ್ಟಿಯ ಸುತ್ತ ಗೂಟಕ್ಕೆ ಕಟ್ಟುವ ಬಲೆ ನಾಲ್ಕೈದು ಅಡಿ ಎತ್ತರವಿದ್ದು, ಬುಡಕ್ಕೆ ಸುತ್ತಲೂ ಕಲ್ಲು ಹೇರಿರಬೇಕು. ಎಷ್ಟೋ ಸಲ ತೋಳ ಒಳಗೆ ನುಗ್ಗುವುದೇ ಇಲ್ಲ. ಕುರಿಗಳೇ ಬೆದರಿ ಒಂದು ಮಗ್ಗುಲಿಗೆ ಒತ್ತಿ ಬಲೆ ಕೆಡವಿ ಚದುರುತ್ತವೆ, ನಷ್ಟವಾಗುವುದು ಆಮೇಲೆ. ಒಣಗಿ ಬಿರಿದ ಎರೆ ಮಣ್ಣಿನಲ್ಲಿ ಗೂಟ ಸಡಿಲಾಗುತ್ತದೆ, ದಿನಾ ಸಂಜೆ ಅಲುಗಾಡಿಸಿ ನೋಡಲೇಬೇಕು. ಯಾದಗಿರಿಯ ಬಂಡೆಗುಡ್ಡಗಳ ಬುಡ ಚಳಿಗೆ ಆಸರೆಯೆಂದು ಕಂಡರೂ ಅಲ್ಲಿ ಪ್ರಾಣಿ ಅಡಗಲು ಬೇಕಾದಷ್ಟು ಸಂದುಗಳಿವೆ.

ಇನ್ನು, ಮೊಬೈಲಿನಲ್ಲಿ ಮೊಲದ ಚೀರಾಟ ಹಾಕಿ ತೋಳ, ನರಿ ಕರೆಯುವ ಹುಚ್ಚು. ಎಲೆ ತುಂಬಿದ ತೊಗರಿಯೊಳಗೆ ಆ ಸದ್ದು ಬೇಗ ಅಡಗುತ್ತದೆ. ಕೊಯ್ದ ಹೊಲದಲ್ಲಿ, ಚಳಿ ಹಿಡಿದ ನಿಶ್ಚಲ ರಾತ್ರಿಯಲ್ಲಿ ಮಾತ್ರ ಬಹುದೂರ ಹೋಗುತ್ತದೆ. ಹೊರಟ ಪ್ರಾಣಿ ದಾರಿಯಲ್ಲಿ ಯಾರದೋ ಹಟ್ಟಿ ಕಂಡರೆ ಅಲ್ಲೇ ನಿಲ್ಲುತ್ತದೆ. ತೋಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಕೊಲ್ಲುವುದಷ್ಟೇ ಅಲ್ಲ, ಬೋನಿಗೆ ಬೀಳಿಸುವುದು, ಆಮಿಷ ಒಡ್ಡುವುದು, ಅದಕ್ಕೆ ಯತ್ನಿಸುವುದೂ ಆ ಕಾಯ್ದೆಯಲ್ಲಿ ಬೇಟೆಯೇ.

ಸತ್ತ ಕುರಿಗೆ ವಿಷ ಸವರಿಟ್ಟರೆ ಹಟ್ಟಿಯ ನಾಯಿಯೂ ಸಾಯುತ್ತದೆ. ಅದರ ಬದಲು ಕಳೇಬರ ಎತ್ತದೆ ಫೋಟೊ ತೆಗೆದು, ಅರಣ್ಯ ಇಲಾಖೆಗೆ ತಿಳಿಸಿ ಪಂಚನಾಮೆ ಮಾಡಿಸಿ. ಇಲಾಖೆಯವರೂ ದೂರು ಬರುವವರೆಗೆ ಕಾಯದೆ, ಡಿಸೆಂಬರ್‌ಗೆ ಮೊದಲೇ ಕುರಿಗಾಹಿಗಳ ಬಳಿ ಹೋಗಿ ಜಾಗ ನೋಡಿ ಹೇಳಲಿ.

– ಓದುಗರು, ಚಿಂಚೋಳಿ ತಾಲ್ಲೂಕು, ಕಲಬುರಗಿ ಜಿಲ್ಲೆ